ಕೊನೊ ಜಿಲ್ಲೆಯ ಕೆಂಪು ನೀರು

ಹಳ್ಳಿಯ ನಡುವೆ ಕೈಪಂಪು ಇತ್ತು, ಹಿಡಿಕೆಯನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ನೋಡಿದ ಕೂಡಲೇ ಗುರುತು ಹತ್ತಿತು: ಇಂಡಿಯಾ ಮಾರ್ಕ್ 2. ವಿಜಯಪುರ ಜಿಲ್ಲೆಯಲ್ಲಿ ಹನ್ನೊಂದು ವರ್ಷ ನಾನು ಬಿಚ್ಚಿ ಜೋಡಿಸಿದ ಪಂಪೇ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಎದುರಾಗಿತ್ತು.

2010ರ ಕೊನೆಗೆ ಒಂದು ನೆರವು ಸಂಸ್ಥೆಯ ತಂತ್ರಜ್ಞನಾಗಿ ಹೋಗಿದ್ದೆ. ಇಪ್ಪತ್ತು ಹೊಸ ಬೋರ್‌ವೆಲ್ ಕೊರೆಸುವುದು ನನ್ನ ಕೆಲಸ. ಆ ದೇಶದ ಮೊದಲ ವಜ್ರ 1930ರಲ್ಲಿ ಸಿಕ್ಕಿದ್ದು ಇದೇ ಕೊನೊದಲ್ಲಿ. 1991ರಿಂದ 2002ರವರೆಗಿನ ಅಂತರ್ಯುದ್ಧದಲ್ಲಿ ಈ ನೆಲಕ್ಕಾಗಿ ರಕ್ತ ಹರಿದದ್ದೂ ಆ ಕಲ್ಲುಗಳ ಆಸೆಗೆ. ಅಂಥ ಊರಿನ ಹೆಂಗಸರು ವಜ್ರ ಹುಡುಕಲು ಜಲ್ಲಿ ತೊಳೆದು ಬಿಟ್ಟ ಹೊಂಡಗಳಿಂದ ಕುಡಿಯುವ ನೀರು ತರುತ್ತಿದ್ದರು. ನನಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ.

ಪಂಪನ್ನು ಏಕೆ ಕಟ್ಟಿದ್ದೀರಿ ಎಂದು ಊರಿನ ಹೆಂಗಸರ ಮುಖ್ಯಸ್ಥೆಯನ್ನು ಕೇಳಿದೆ. ಅಲ್ಲಿ ಆಕೆಯನ್ನು ಮಾಮಿ ಕ್ವೀನ್ ಎನ್ನುತ್ತಾರೆ. ಆಕೆ ಮಾತಾಡದೆ ಹಗ್ಗ ಬಿಚ್ಚಿ, ಬಿಳಿಯ ಪಿಂಗಾಣಿ ಬೋಗುಣಿಯನ್ನು ಪಂಪಿನ ಬಾಯಿಗೆ ಹಿಡಿದರು. ಇಟ್ಟಿಗೆ ತೊಳೆದಂಥ ನೀರು ಬಂತು. ಅದರಲ್ಲಿ ಅನ್ನ ಮಾಡಿದರೆ ಬಣ್ಣ ಕೆಡುತ್ತದೆ, ಬಟ್ಟೆಗೆ ಕಲೆ ಕೂರುತ್ತದೆ ಎಂದರು.

ನಾನು ಪಂಪು ಹೊಡೆಯುತ್ತಲೇ ಇದ್ದೆ. ಇನ್ನೂರು ಸಲ ಹೊಡೆಯುವಷ್ಟರಲ್ಲಿ ನೀರು ತಿಳಿಯಾಯಿತು. ಇದು ಮುಖ್ಯ. ಕಬ್ಬಿಣದ ಅಂಶ ನೆಲದೊಳಗಿನ ನೀರಿನಲ್ಲೇ ಇದ್ದರೆ ಎಷ್ಟು ಹೊಡೆದರೂ ಬಣ್ಣ ಹೋಗುವುದಿಲ್ಲ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಮಾತ್ರ ಕೆಂಪಾಗಿದ್ದರೆ ತಪ್ಪು ಪೈಪಿನದು. ಪರೀಕ್ಷಾ ಪಟ್ಟಿ ಪಿಎಚ್ 5.6ರ ಹತ್ತಿರ ತೋರಿಸಿತು, ಅಂದರೆ ನೀರು ಆಮ್ಲೀಯ. ನಮ್ಮ ಕಡೆ ಗಡಸು ನೀರು, ಪೈಪಿಗೆ ಸುಣ್ಣ ಕಟ್ಟುತ್ತದೆ. ಇಲ್ಲಿಯ ಹುಳಿ ನೀರು ಸತುವಿನ ಲೇಪವನ್ನು ತಿಂದು ಕಬ್ಬಿಣಕ್ಕೇ ಬಾಯಿ ಹಾಕಿತ್ತು. ಮುಕ್ಕಾಲಿ ನಿಲ್ಲಿಸಿ ಐದಾರು ಜನ ಸೇರಿ ಪೈಪು ಎತ್ತಿದಾಗ, ಪೈಪು ಜೋಡಿಸುವ ತಿರುಪಿನ ಸುತ್ತುಗಳು ಕೈಯಲ್ಲೇ ಉದುರಿದವು.

ಹೊಸ ಬೋರ್‌ವೆಲ್‌ಗಳಿಗೂ ಅದೇ ಸತುಲೇಪಿತ ಪೈಪು ಬರುವುದಿತ್ತು. ಎರಡು ಬಾಟಲಿಗಳಲ್ಲಿ, ಮುಂಜಾನೆಯ ಮೊದಲ ನೀರು ಒಂದರಲ್ಲಿ, ಇನ್ನೂರು ಹೊಡೆತದ ಬಳಿಕದ್ದು ಇನ್ನೊಂದರಲ್ಲಿ ತುಂಬಿ ಕಚೇರಿಯ ಮೇಜಿನ ಮೇಲಿಟ್ಟೆ. ಹೊಸದು ಇಪ್ಪತ್ತರ ಬದಲು ಹನ್ನೆರಡು ಸಾಕು, ಉಳಿದ ಹಣದಲ್ಲಿ ಹಳೆಯ ಪಂಪುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕೋಣ ಎಂದೆ. ಹಣ ಕೊಟ್ಟವರಿಗೆ ಹೊಸ ಪಂಪಿನ ಎಣಿಕೆ ಬೇಕಿತ್ತು. ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ನೆರವಿನ ಲೆಕ್ಕವನ್ನು ಕೊರೆದ ಬಾವಿಗಳಿಂದಲ್ಲ, ಮೂರನೆಯ ವರ್ಷವೂ ನೀರು ಕೊಡುವ ಬಾವಿಗಳಿಂದ ಇಡಬೇಕು ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ಪಂಪಿನ ವಾಷರ್‌ಗಳಿಗಾಗಿ ರಾಜಧಾನಿ ಫ್ರೀಟೌನ್‌ವರೆಗೆ ಹೋಗಬೇಕಿತ್ತು. ಅದಕ್ಕೆ ಕೊನೊದ್ದೇ ಆದ ಕೊಯಿಡು ಪೇಟೆಯಲ್ಲಿ ಮೋಟಾರ್‌ಸೈಕಲ್ ಬಿಡಿಭಾಗ ಮಾರುವವರೊಬ್ಬರಿಗೆ ಪಂಪಿನ ಬಿಡಿಭಾಗಗಳ ಮೊದಲ ಸರಕು ಸಾಲವಾಗಿ ಕೊಡಿಸಿದೆವು. ವಜ್ರದ ಹೊಂಡದಲ್ಲಿ ದುಡಿಯುತ್ತಿದ್ದ ಇಬ್ಬರು ಯುವಕರು ರಿಪೇರಿ ಕಲಿತರು. ವಜ್ರದ ರಫ್ತು ತೆರಿಗೆಯ ಒಂದು ಪಾಲು ಗಣಿ ಪ್ರದೇಶದ ಚೀಫ್‌ಡಮ್‌ಗಳಿಗೆ, ಅಂದರೆ ಸಾಂಪ್ರದಾಯಿಕ ಮುಖ್ಯಸ್ಥರ ಆಡಳಿತದ ಪ್ರದೇಶಗಳಿಗೆ, ಮರಳಬೇಕೆಂದು 2001ರಲ್ಲೇ ನಿಧಿಯೊಂದು ಶುರುವಾಗಿತ್ತು. ಮಾಮಿ ಕ್ವೀನ್ ಊರ ಸಭೆಯಲ್ಲಿ ಎದ್ದು ನಿಂತು ಅದರಿಂದ ಒಂದು ಸೆಟ್ ಉಪಕರಣ ಕೇಳಿದರು. ಎರಡನೆಯ ಸಭೆಯಲ್ಲಿ ಸಿಕ್ಕಿತು. ನಾನು ಕೊಡಿಸಿದ ಎಲ್ಲಕ್ಕಿಂತ ಅದು ದೊಡ್ಡದು.

ಒಂಬತ್ತು ಹಳ್ಳಿಗಳ ಪೈಪು ಬದಲಿಸಲು ಹಣ ಸಾಲಲಿಲ್ಲ. ಹೊರಡುವ ಮುನ್ನ ಆ ಹಳ್ಳಿಗಳ ಹೆಸರು, ಬಾವಿಯ ಆಳ, ಬೇಕಾದ ಪೈಪುಗಳ ಎಣಿಕೆ ಬರೆದು ಆ ಇಬ್ಬರು ಯುವಕರ ಕೈಗೆ ಒಂದು ಪ್ರತಿ, ಮಾಮಿ ಕ್ವೀನ್ ಅವರಿಗೆ ಒಂದು ಪ್ರತಿ ಕೊಟ್ಟು ಬಂದೆ.