ಟೂರಿಂಗ್ ಬೈಕಿಗೆ ಒಳ್ಳೆ ಸೌಂಡ್ ಹಾಕಿಸುವುದು ಹೇಗೆ: ಕರಾವಳಿಯವರಿಗೆ

ಮಂಗಳೂರು, ಉಡುಪಿ ಕಡೆ ಬೈಕಿನ ಸೌಂಡ್ ಸಿಸ್ಟಮ್ ಸಾಯುವುದು ವ್ಯಾಟ್ ಕಡಿಮೆ ಆಗಿ ಅಲ್ಲ ಮಾರಾಯ್ರೆ. ಉಪ್ಪುಗಾಳಿಗೆ ಸಾಯುತ್ತದೆ, ಜೂನಿನ ಮಳೆಗೆ ಸಾಯುತ್ತದೆ, ಅದಕ್ಕಿಂತ ಜಾಸ್ತಿ ಕೆಟ್ಟ ವೈರಿಂಗಿಗೆ ಸಾಯುತ್ತದೆ. ಹಾಗಾಗಿ ಸ್ಪೀಕರಿಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಪಾಲು ವೈರ್, ಕನೆಕ್ಟರ್, ಫ್ಯೂಸ್ ಇವಕ್ಕೆ ಅಂತ ಮೊದಲೇ ಎತ್ತಿಡಿ. ಉಳಿದದ್ದರಲ್ಲಿ ಸ್ಪೀಕರ್ ನೋಡೋಣ.

ಅದಕ್ಕೂ ಮೊದಲು ನಿಮ್ಮ ಬೈಕ್ ಯಾವುದು? ಗೋಲ್ಡ್ ವಿಂಗ್, ಹಾರ್ಲೆಯ ಸ್ಟ್ರೀಟ್ ಗ್ಲೈಡ್, ರೋಡ್ ಗ್ಲೈಡ್ ಥರದ್ದಕ್ಕೆ ಮುಂದೆ ದೊಡ್ಡ ಫೇರಿಂಗ್, ಅಂದರೆ ಗಾಳಿ ತಡೆಯುವ ಕವಚ ಇದೆ, ಕಂಪನಿಯೇ ಸ್ಪೀಕರ್ ಕೂರಿಸಿ ಕೊಟ್ಟಿರುತ್ತದೆ, ಅದನ್ನು ಬದಲಿಸಿದರೆ ಪ್ರಯೋಜನ ಉಂಟು. ಹಿಮಾಲಯನ್, ಮೀಟಿಯೋರ್, ಡೊಮಿನಾರ್ ಇದ್ದವರು ಹ್ಯಾಂಡಲಿಗೆ ಎರಡು ಸ್ಪೀಕರ್ ಕಟ್ಟಿಕೊಂಡರೆ ಸಿಗ್ನಲಿನಲ್ಲಿ ನಿಂತಾಗ ಪಕ್ಕದ ರಿಕ್ಷಾದವರಿಗೆ ಹಾಡು ಚೆನ್ನಾಗಿ ಕೇಳುತ್ತದೆ. ಸುರತ್ಕಲ್ ದಾಟಿ ವೇಗ ಹಿಡಿದ ಮೇಲೆ ನಿಮಗೇ ಕೇಳುವುದಿಲ್ಲ. ಅಂಥವರಿಗೆ ಹೆಲ್ಮೆಟ್ ಒಳಗಿನ ಬ್ಲೂಟೂತ್ ಸ್ಪೀಕರೇ ಸರಿ, ಖರ್ಚೂ ಕಡಿಮೆ. ಅದರಲ್ಲೂ ಒಂದು ಗುಟ್ಟಿದೆ. 40 ಮಿಲಿಮೀಟರಿನ ಆ ಪುಟ್ಟ ಸ್ಪೀಕರ್ ಕಿವಿಯ ತೂತಿಗೆ ನೇರವಾಗಿ ಕೂರಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಬಾಸ್ ಹೋಯಿತು. ಹಿಂದೆ ಫೋಮ್ ತುಂಡು ಇಟ್ಟು ಕಿವಿಗೆ ಹತ್ತಿರ ತನ್ನಿ, ಆದರೆ ಒತ್ತಬಾರದು, ಒತ್ತಿದರೆ ಕುಂದಾಪುರ ಮುಟ್ಟುವಾಗ ಕಿವಿ ಕಿತ್ತು ಬರುವಷ್ಟು ನೋವು.

ಫೇರಿಂಗ್ ಇದ್ದವರು ಮುಂದೆ ಓದಿ.

ಗಾಳಿಯ ಜೊತೆ ಜಗಳ

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ ಸುಮಾರು 100 ಡೆಸಿಬಲ್ ಹತ್ತಿರ ಹೋಗುತ್ತದೆ. ಕೆಲಸದ ಜಾಗದಲ್ಲಿ ಕಿವಿ ಉಳಿಸಿಕೊಳ್ಳಲು ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಹೆಚ್ಚಾದಾಗ ಸಮಯ ಅರ್ಧ. ಆ ಲೆಕ್ಕದಲ್ಲಿ 100 ಡೆಸಿಬಲಿಗೆ 15 ನಿಮಿಷ ಅಷ್ಟೇ. ಅದರ ಮೇಲೆ ಹಾಡನ್ನೂ ಏರಿಸಿದರೆ ಕಿವಿಯ ಗತಿ ಏನು ಯೋಚಿಸಿ. ಅದಕ್ಕೇ ನಾನು ಯಾರಾದರೂ ಕೇಳಿದರೆ ಮೊದಲು ವಿಂಡ್‌ಶೀಲ್ಡ್ ನೋಡಿ ಅನ್ನುತ್ತೇನೆ. ಗಾಜಿನ ಮೇಲಂಚಿನಿಂದ ಸುಳಿಗಾಳಿ ನೇರ ಹೆಲ್ಮೆಟಿಗೆ ಬಡಿಯುತ್ತಿದ್ದರೆ ಎಷ್ಟು ದೊಡ್ಡ ಸ್ಪೀಕರ್ ಹಾಕಿದರೂ ಸುಮ್ನೆ. ಸ್ವಲ್ಪ ಎತ್ತರದ ಅಥವಾ ತಗ್ಗಿನ ಗಾಜು ಹಾಕಿ ಆ ಬಡಿತ ತಪ್ಪಿಸಿದರೆ, ಈಗಿರುವ ಸ್ಪೀಕರೇ ಹೊಸದರ ಹಾಗೆ ಕೇಳಬಹುದು.

ಗಾಳಿಯ ಗದ್ದಲ ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ ಇರುತ್ತದೆ. ಅದು ಮೊದಲು ನುಂಗುವುದು ಬಾಸನ್ನು. ಓಡುವ ಬೈಕಿನಲ್ಲಿ ಬಾಸ್ ಬೇಕು ಅಂತ ಹಟ ಹಿಡಿಯುವುದು ದುಡ್ಡು ದಂಡ. ದನಿ, ಕೊಳಲು, ಗಿಟಾರ್ ಇರುವ ನಡುವಿನ ಭಾಗ ಸ್ಪಷ್ಟ ಇದ್ದರೆ ಸಾಕು.

ಸ್ಪೀಕರ್ ಕೊಳ್ಳುವಾಗ ಸೆನ್ಸಿಟಿವಿಟಿ, ಅಂದರೆ ಒಂದೇ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಅಂತ ಡೆಸಿಬಲಿನಲ್ಲಿ ಹೇಳುವ ಒಂದು ಸಂಖ್ಯೆ ಇರುತ್ತದೆ, ಯಾರೂ ನೋಡುವುದಿಲ್ಲ. ಅದನ್ನೇ ನೋಡಿ. 3 ಡೆಸಿಬಲ್ ಜಾಸ್ತಿ ಸದ್ದು ಬೇಕಾದರೆ ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟು ಆಗಬೇಕು. ಅಂದರೆ 88 ಡೆಸಿಬಲಿನ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಬರುವ ಸದ್ದು, 94 ಡೆಸಿಬಲಿನದ್ದಕ್ಕೆ ಬರೀ 25 ವ್ಯಾಟಿನಲ್ಲಿ ಬರುತ್ತದೆ. ಬ್ಯಾಟರಿಗೆ ಎಷ್ಟು ಉಳಿತಾಯ ಅಲ್ವಾ? ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ ಕೂಡ ಹೊಂದಬೇಕು. 4 ಓಮಿನವರೆಗೆ ಮಾತ್ರ ಸರಿ ಅಂತ ಇರುವ ಆಂಪ್ಲಿಫೈಯರಿಗೆ 2 ಓಮ್ ಸ್ಪೀಕರ್ ಹಾಕಿದರೆ ಬಿಸಿಯಾಗಿ ಸುಡುತ್ತದೆ. ತಿರುಗಾಮುರುಗಾ ಮಾಡಿದರೆ ಸುಡುವುದಿಲ್ಲ, ಸದ್ದು ಕುಗ್ಗುತ್ತದೆ.

ಇನ್ನು ಮರೈನ್ ಗ್ರೇಡ್, ಅಂದರೆ ದೋಣಿಗೆ ಹಾಕುವ ಸ್ಪೀಕರ್. ಕಾಗದದ ಕೋನ್ ಬದಲು ಪಾಲಿಪ್ರೊಪಿಲೀನ್, ಅಂಚಿಗೆ ಫೋಮ್ ಬದಲು ರಬ್ಬರ್, ಸ್ಟೇನ್‌ಲೆಸ್ ಸ್ಕ್ರೂ. ಬೆಂಗಳೂರಿನವರಿಗೆ ಇದು ಬೇಕೋ ಬೇಡವೋ, ಮಲ್ಪೆಯಲ್ಲೋ ಪಣಂಬೂರಿನಲ್ಲೋ ಮನೆ ಇದ್ದರೆ ಬೇರೆ ಮಾತೇ ಇಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಫೋಟೋಗೆ ಚಂದ, ಸ್ಪೀಕರಿಗೆ ಅಷ್ಟೇನೂ ಅಲ್ಲ.

ಕರೆಂಟಿನ ಲೆಕ್ಕ

ಬಾಕ್ಸಿನ ಮೇಲೆ 800 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಹಳೇ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಬಾಯಿಗೆ ಬಂದಷ್ಟು ಬರೆಯುತ್ತಿದ್ದರಲ್ಲ, ಅದೇ ಕತೆ. ನೋಡಬೇಕಾದ್ದು ಆರ್‌ಎಂಎಸ್ ಮಾತ್ರ, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್ ಅಂದರೆ 200. ಕರೆಂಟ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಎಳೆದುಕೊಂಡದ್ದರಲ್ಲಿ 80 ಪರ್ಸೆಂಟ್ ಸ್ಪೀಕರಿಗೆ ಕೊಡುತ್ತದೆ ಅಂತ ಹಿಡಿದರೆ, ಬ್ಯಾಟರಿಯಿಂದ 250 ವ್ಯಾಟ್, 13.5 ವೋಲ್ಟಿನಲ್ಲಿ 18 ಆಂಪಿಯರಿಗಿಂತ ಸ್ವಲ್ಪ ಜಾಸ್ತಿ. ಹಾಡು ಯಾವಾಗಲೂ ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲ, ಸರಾಸರಿ ಇದರಲ್ಲಿ ಸಣ್ಣ ಪಾಲು. ಆದರೆ ವೈರ್ ಮತ್ತು ಫ್ಯೂಸನ್ನು ಪೂರ್ತಿ ಲೆಕ್ಕಕ್ಕೇ ಹಾಕಬೇಕು: 25 ಆಂಪಿಯರ್ ಫ್ಯೂಸ್, 6 ಸ್ಕ್ವೇರ್ ಎಂಎಂ ವೈರ್.

ಬೈಕಿಗೆ ಇಷ್ಟು ಕೊಡುವ ತಾಕತ್ತು ಇದೆಯಾ ಅಂತ ಮಲ್ಟಿಮೀಟರ್ ಹೇಳುತ್ತದೆ. ಇಂಜಿನ್ ಆಫ್ ಇದ್ದು, ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.4. ಈಗ ಹೆಡ್‌ಲೈಟ್ ಹಾಕಿ, ಹಾಡು ಏರಿಸಿ, ಐಡಲ್‌ನಲ್ಲಿ ಬಿಡಿ. 13ರ ಕೆಳಗೆ ಇಳಿಯುತ್ತಾ ಹೋದರೆ ಶಿರಾಡಿ ಘಾಟಿಯ ಟ್ರಾಫಿಕ್ ಜಾಮಿನಲ್ಲಿ ನಿಮ್ಮ ಬ್ಯಾಟರಿ ಕೈಕೊಡುತ್ತದೆ ಅಂತಲೇ ತಿಳಿಯಿರಿ.

ವೈರಿಂಗ್

ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ, ಮುಖ್ಯ ವಿಷಯ ಇದೇ.

ಅಗ್ಗದ ಆಂಪ್ಲಿಫೈಯರ್ ಕಿಟ್‌ಗಳಲ್ಲಿ ಬರುವ ವೈರ್ ಹೆಚ್ಚಾಗಿ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. ಬ್ಲೇಡಿನಲ್ಲಿ ಕೆರೆದರೆ ಬಿಳಿ ಕಾಣುತ್ತದೆ. ಬೇಡ. ಪೂರ್ತಿ ತಾಮ್ರದ್ದು ತನ್ನಿ, ತವರದ ಲೇಪ ಇರುವ ತಾಮ್ರ ಸಿಕ್ಕರೆ ಇನ್ನೂ ಒಳ್ಳೆಯದು. ನೋಡುವಾಗ ಅದೂ ಬಿಳಿಯೇ, ಆದರೆ ಕೆರೆದರೆ ಒಳಗೆ ಕೆಂಪು. ಬರೀ ತಾಮ್ರಕ್ಕೆ ನಮ್ಮ ಗಾಳಿಯಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಅದು ಇನ್ಸುಲೇಷನ್ ಒಳಗೇ ತೆವಳಿಕೊಂಡು ಹೋಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಇರಲಿ, ಒಂದು ಗೇಣಿನ ಒಳಗೆ. ಆಂಪ್ಲಿಫೈಯರ್ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಕಾಯುವವರು ಯಾರೂ ಇಲ್ಲ, ಪೆಟ್ರೋಲ್ ಟ್ಯಾಂಕ್ ಕೆಳಗೇ ಬೆಂಕಿ. ಬೈಕ್ ಆಫ್ ಮಾಡಿದಾಗ ಆಂಪ್ಲಿಫೈಯರೂ ಆಫ್ ಆಗಬೇಕಾದರೆ ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ಕ್ಕೆ ಆಂಪ್ಲಿಫೈಯರ್, 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರ್, 85 ಅರ್ಥಿಗೆ. ಆಂಪ್ಲಿಫೈಯರಿನಲ್ಲಿ ರಿಮೋಟ್ ಅಂತ ವೈರ್ ಇದ್ದರೆ ರಿಲೇ ಬೇಡ, ಆ ಇಗ್ನಿಷನ್ ವೈರನ್ನು ನೇರ ಅದಕ್ಕೇ ಕೊಡಿ. ಅರ್ಥನ್ನು ಮಾತ್ರ ಚಾಸಿಸ್ಸಿನ ಯಾವುದೋ ಬೋಲ್ಟಿಗೆ ಕಟ್ಟಬೇಡಿ, ನೇರ ಬ್ಯಾಟರಿಯ ನೆಗೆಟಿವ್‌ಗೆ ಒಯ್ಯಿರಿ. ರೇಸ್ ಕೊಟ್ಟಾಗ ಸ್ಪೀಕರಿನಿಂದ ಕುಂಯ್ ಅಂತ ಬರುವುದಕ್ಕೆ ಹೆಚ್ಚಾಗಿ ಕಾರಣ ಹಾಗೆ ಬೋಲ್ಟಿಗೆ ಕಟ್ಟಿದ ಅರ್ಥೇ. ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲನ್ನೂ ಪವರ್ ವೈರಿಗೆ ತಾಗಿಸದೆ ಬೇರೆ ಬದಿಯಿಂದ ತನ್ನಿ.

ಜಾಯಿಂಟ್ ಹೊಸೆದು ಟೇಪ್ ಸುತ್ತುವ ಇಲೆಕ್ಟ್ರಿಷಿಯನ್ ಸಿಕ್ಕರೆ ಕೈಮುಗಿದು ವಾಪಸ್ ಬನ್ನಿ. ಏಪ್ರಿಲ್ ಸೆಕೆಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ಜೂನಿನಲ್ಲಿ ನೀರು ಹೋಗುತ್ತದೆ. ಲೋಹದ ತುದಿಯಲ್ಲಿ ವೈರನ್ನು ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿ, ಕನೆಕ್ಟರಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ತೂತು ಮುಚ್ಚಲು ಸಿಲಿಕಾನ್ ಹಾಕುವುದಾದರೆ ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕಾನ್ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ವೈರ್ ಆಂಪ್ಲಿಫೈಯರ್ ಸೇರುವ ಮೊದಲು ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಬೇಕು, ಆಗ ವೈರ್ ಹಿಡಿದು ಬಂದ ನೀರು ಕೆಳಗೇ ತೊಟ್ಟಿಕ್ಕುತ್ತದೆ. ಕಟ್ಟುವ ಮೊದಲು ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಆಗುಂಬೆಯ 14 ತಿರುವಿನಲ್ಲಿ ವೈರ್ ಎಳೆದುಕೊಂಡು ಹೋಗಬಾರದಲ್ಲ. ಬೈಕಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ವೈರುಗಳಿಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ.

ಕೂರಿಸಿ ಟ್ಯೂನ್ ಮಾಡುವುದು

ಸ್ಪೀಕರ್ ಸೈಜ್ ಹೊಂದದಿದ್ದರೆ ರಿಂಗ್ ಬೇಕು. ಕಾರಿನ ಆಡಿಯೋ ಅಂಗಡಿಯವರು ಅಭ್ಯಾಸಬಲದಿಂದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿ ಕೊಡುತ್ತಾರೆ, ಒಂದೇ ಮಳೆಗಾಲಕ್ಕೆ ಅದು ಉಬ್ಬಿ ಹೋಗುತ್ತದೆ. ಪ್ಲಾಸ್ಟಿಕ್ಕಿನದ್ದೇ ಬೇಕು ಅನ್ನಿ. ಸುತ್ತ ನೀರು ಹೀರದ ಫೋಮ್ ಗ್ಯಾಸ್ಕೆಟ್. ಪ್ಲಸ್ ಮೈನಸ್ ಗೊಂದಲ ಇದ್ದರೆ 1.5 ವೋಲ್ಟಿನ ಶೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಶೆಲ್ಲಿನ ಪ್ಲಸ್ ತಾಗಿದ್ದು ಸ್ಪೀಕರಿನ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೆ ಇದ್ದಬದ್ದ ಬಾಸೂ ಮಾಯ.

ಆಂಪ್ಲಿಫೈಯರಿನ ಗೇನ್ ಅಂದರೆ ವಾಲ್ಯೂಮ್ ಅಲ್ಲ, ಪ್ಲೇಯರಿನಿಂದ ಬರುವ ಸಿಗ್ನಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಅದನ್ನು ಪೂರ್ತಿ ಇಳಿಸಿ, ಪ್ಲೇಯರ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ದನಿ ಒಡೆಯುವ ತನಕ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ಬಿಟ್ಟುಬಿಡಿ. ಬಾಸ್ ಬೂಸ್ಟ್ ಆಫ್. ಕೆಳಗಿನ ಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರ್ 100ರಿಂದ 120 ಹರ್ಟ್ಸ್ ನಡುವೆ. ಗ್ಯಾರೇಜಿನಲ್ಲಿ ನಿಂತು ಕೇಳಿದರೆ ಸಪ್ಪೆ ಅನಿಸುತ್ತದೆ, ಮುಟ್ಟಲು ಹೋಗಬೇಡಿ, ಪಡುಬಿದ್ರಿ ತನಕ ಓಡಿಸಿ ಆಮೇಲೆ ತೀರ್ಮಾನ ಮಾಡಿ. ಕೆಲವು ಬೈಕುಗಳಲ್ಲಿ ಹಳೇ ಸ್ಪೀಕರಿಗೆ ಹೊಂದುವ ಈಕ್ವಲೈಸರ್ ಸಾಫ್ಟ್‌ವೇರಿನಲ್ಲೇ ಇರುತ್ತದೆ, ಅದನ್ನು ಬದಲಿಸಲು ಡೀಲರ್ ಹತ್ತಿರ ಹೋಗಲೇಬೇಕು.

ಊರೊಳಗೆ ಬಂದಾಗ ಇಳಿಸಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಲು ಅವಕಾಶ ಇದೆ. ಹಂಪನಕಟ್ಟೆಯಲ್ಲಿ ವೆನ್‌ಲಾಕ್ ಆಸ್ಪತ್ರೆ ಇರುವುದು ಎಲ್ಲರಿಗೂ ಗೊತ್ತೇ ಇದೆ.

ಮೇ ಕೊನೆಯಲ್ಲಿ ಫ್ಯೂಸ್ ಹೋಲ್ಡರ್ ಮತ್ತು ಬ್ಯಾಟರಿ ಟರ್ಮಿನಲ್ ಒಮ್ಮೆ ಬಿಚ್ಚಿ ನೋಡಿ, ಕಿಲುಬು ಇದ್ದರೆ ಕೆರೆದು ಹೊಸದಾಗಿ ಗ್ರೀಸ್ ಹಚ್ಚಿ. ಬೀಚ್ ರಸ್ತೆಯಿಂದ ಬಂದ ದಿನ ಒದ್ದೆ ಬಟ್ಟೆಯಲ್ಲಿ ಗ್ರಿಲ್ ಒರೆಸಿದರೆ ಸಾಕು. ವಾಟರ್ ವಾಶಿಗೆ ಬಿಡುವಾಗ ಸ್ಪೀಕರ್ ಕಡೆ ಗನ್ ಹಿಡಿಯಬೇಡಿ ಅಣ್ಣ ಅಂತ ಮೊದಲೇ ಹೇಳಿಬಿಡಿ. ಸ್ಪೀಕರ್ ಬಾಕ್ಸಿನ ಮೇಲೆ ಬರೆದಿರುವ ಐಪಿ67 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ ಅಂತ ಅರ್ಥ, ಪ್ರೆಶರ್ ಗನ್ನಿನ ಹೊಡೆತ ತಾಳುತ್ತದೆ ಅಂತ ಅಲ್ಲ.