ಮಾಲ್ಗುಡಿಯನ್ನು ಪುಟಕ್ಕೆ ಇಳಿಸಿದ್ದು

‘ಮಾಲ್ಗುಡಿ ಡೇಸ್’ ಟಿ.ವಿ. ಸರಣಿಯನ್ನು ಕಾಮಿಕ್ಸ್ ಮಾಡಲು ಕೂತಾಗ ನಾನು ಹಿಡಿದ ಮೊದಲ ದಾರಿಯೇ ತಪ್ಪಾಗಿತ್ತು. ಕಂತನ್ನು ಕಂಪ್ಯೂಟರಿನಲ್ಲಿ ಓಡಿಸಿ, ಬೇಕೆನಿಸಿದ ಕಡೆ ನಿಲ್ಲಿಸಿ, ಕಂಡದ್ದನ್ನು ಹಾಗೇ ಬಿಡಿಸುತ್ತ ಹೋದೆ. ಒಂದು ಕಂತಿಗೆ 140 ಚಿತ್ರಗಳಾದವು. ಎಲ್ಲವೂ ಹಳೆಯ ಟಿ.ವಿ. ಪರದೆಯ ಆಕಾರದವು, ನಾಲ್ಕಕ್ಕೆ ಮೂರರ ಅಳತೆ. ಸಾಲಾಗಿ ಜೋಡಿಸಿ ನೋಡಿದರೆ ಕಥೆ ಇತ್ತು, ಉಸಿರು ಇರಲಿಲ್ಲ. ಟಿ.ವಿ.ಯಲ್ಲಿ ಒಬ್ಬ ಕಿಟಕಿಯ ಬಳಿ ಐದು ಸೆಕೆಂಡು ಸುಮ್ಮನೆ ನಿಂತರೆ ಆ ಐದು ಸೆಕೆಂಡು ನಾವೂ ಅವನ ಜೊತೆ ನಿಲ್ಲುತ್ತೇವೆ. ಕಾಗದದ ಮೇಲೆ ಅದೇ ಚಿತ್ರವನ್ನು ಕಣ್ಣು ಅರೆಗಳಿಗೆಯಲ್ಲಿ ದಾಟಿಬಿಡುತ್ತದೆ. ಹಿನ್ನೆಲೆಯ ಸದ್ದಿಲ್ಲ, ಕ್ಯಾಮೆರಾದ ಚಲನೆಯಿಲ್ಲ. ಮೂರು ತಿಂಗಳ ಆ ಕೆಲಸವನ್ನು ಕಟ್ಟಿಟ್ಟು ಮತ್ತೆ ಖಾಲಿ ಹಾಳೆಯಿಂದ ಶುರುಮಾಡಿದೆ.

ಎರಡನೇ ಸಲ ಕಥೆಗೆ ಕೈ ಹಾಕಲಿಲ್ಲ. ಮೊದಲು ಊರನ್ನು ಬಿಡಿಸಿದೆ. ಶಂಕರ್ ನಾಗ್ 1980ರ ದಶಕದಲ್ಲಿ ನಿರ್ದೇಶಿಸಿದ ಆ 39 ಕಂತುಗಳಲ್ಲಿ ಸ್ವಾಮಿಯ ಕಥೆ, ಮಿಠಾಯಿವಾಲಾನ ಕಥೆಯಂಥ ಕೆಲವನ್ನು ಬಿಟ್ಟರೆ ಹೆಚ್ಚಿನವು ಬಿಡಿ ಕಥೆಗಳು. ಇವತ್ತು ಕಂಡ ಮನುಷ್ಯ ಮುಂದಿನ ವಾರ ಇರುವುದಿಲ್ಲ. ಹಾಗಿದ್ದೂ ನೋಡುವವರಿಗೆ ಪರಕೀಯ ಅನಿಸದೆ ಇದ್ದದ್ದು ಊರು ಅದೇ ಆಗಿದ್ದರಿಂದ. ಆದ್ದರಿಂದ ಬೀದಿಗಳ ನಕ್ಷೆ ಬೇಕಾಯಿತು: ಅಂಚೆ ಕಚೇರಿಯಿಂದ ಹೊರಟವನು ಯಾವ ತಿರುವಿನಲ್ಲಿ ಯಾರ ಮನೆ ದಾಟುತ್ತಾನೆ, ಬೆಳಗಿನ ನೆರಳು ಯಾವ ಕಡೆ ಬೀಳುತ್ತದೆ.

ಇಲ್ಲಿ ಒಂದು ತೊಡಕು ಎದುರಾಯಿತು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯಲ್ಲಿ ಸರಯೂ ನದಿ ಇದೆ, ಕಬೀರ್ ಬೀದಿ ಇದೆ, ಲಾಲಿ ಎಕ್ಸ್‌ಟೆನ್ಶನ್ ಇದೆ, ದೂರದಲ್ಲಿ ಮೆಂಪಿ ಬೆಟ್ಟಗಳಿವೆ. ಟಿ.ವಿ.ಯ ಮಾಲ್ಗುಡಿ ಮಾತ್ರ ಆಗುಂಬೆ. ಹೆಂಚಿನ ಮಾಡು, ಜಗಲಿ, ಕೆಂಪು ಮಣ್ಣು. ಯಾವುದನ್ನು ಬಿಡಿಸಬೇಕು? ಕೊನೆಗೆ ಆಗುಂಬೆಯನ್ನೇ ಆರಿಸಿಕೊಂಡೆ, ಯಾಕೆಂದರೆ ನಾನು ರೂಪಾಂತರಿಸುತ್ತಿದ್ದುದು ಟಿ.ವಿ. ಸರಣಿಯನ್ನು. ನಾಲ್ಕು ದಿನ ಅಲ್ಲೇ ಉಳಿದು, ಚಿತ್ರೀಕರಣ ನಡೆದ ದೊಡ್ಡಮನೆಯ ಕಂಬ, ಅಂಗಳ, ಮೆಟ್ಟಿಲುಗಳನ್ನು ಸ್ಕೆಚ್ ಮಾಡಿಕೊಂಡೆ. ಮಾಲ್ಗುಡಿ ಸ್ಟೇಷನ್ ಆಗಿದ್ದ ಅರಸಾಳಿಗೂ ಹೋದೆ. ಆ ಹಳೆಯ ಕಟ್ಟಡದಲ್ಲಿ 2020ರಿಂದ ಮಾಲ್ಗುಡಿ ವಸ್ತುಸಂಗ್ರಹಾಲಯವಿದೆ.

ಸರಣಿಯ ಆರಂಭದಲ್ಲಿ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಬರುತ್ತವೆ, ಜೊತೆಗೆ ಎಲ್. ವೈದ್ಯನಾಥನ್ ಅವರ ‘ತಾನನ ತಾನನ’. ಆ ರಾಗವನ್ನು ಬಿಡಿಸಲು ಸಾಧ್ಯವಿಲ್ಲ. ಅದರ ಜಾಗದಲ್ಲಿ ಪ್ರತಿ ಕಥೆಯ ಮೊದಲ ಪುಟಕ್ಕೂ ಒಂದೇ ನೋಟ ಇಟ್ಟೆ: ಒಂದೇ ಎತ್ತರದಿಂದ ಕಾಣುವ ಅದೇ ಬೀದಿ, ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಬಿಸಿಲು, ಮತ್ತೊಂದರಲ್ಲಿ ರಾತ್ರಿ. ಲಕ್ಷ್ಮಣ್ ಅವರ ಗೆರೆಯನ್ನು ಅನುಕರಿಸಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ನಟರ ಮುಖಗಳನ್ನೂ ಬಿಡಿಸಲಿಲ್ಲ. ಮುಖ ಹೋಲಿಸುವುದೇ ಗುರಿಯಾದರೆ ಪಾತ್ರ ಗೊಂಬೆಯಾಗುತ್ತದೆ, ಓದುವವರು ಕಥೆ ಬಿಟ್ಟು ಹೋಲಿಕೆ ಹುಡುಕುತ್ತಾರೆ.

ನನಗೆ ಈ ಕೆಲಸವನ್ನು ನಿಜವಾಗಿ ಕಲಿಸಿದ್ದು ‘ದಿ ಮಿಸ್ಸಿಂಗ್ ಮೇಲ್’. ಅಂಚೆಯವ ತಾನಪ್ಪ, ರಾಮಾನುಜಂ, ಅವರ ಮಗಳು ಕಾಮಾಕ್ಷಿ. ಮದುವೆಯ ದಿನ ತಪ್ಪಿದರೆ ಆ ಸಂಬಂಧವೇ ಕೈಬಿಟ್ಟು ಹೋಗುವ ಪರಿಸ್ಥಿತಿ. ಸೇಲಂನಲ್ಲಿ ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದಾರೆಂಬ ಕಾಗದ, ಆಮೇಲೆ ಸಾವಿನ ತಂತಿ ಬರುತ್ತವೆ; ತಾನಪ್ಪ ಎರಡನ್ನೂ ಕೊಡದೆ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದು ದಿನಗಳು ಕಳೆದ ಮೇಲೆ ತಾನೇ ತಂದು ಕೈಗಿಡುತ್ತಾನೆ. ಮೂಲ ಕಥೆಯಲ್ಲಿ ಓದುವವರಿಗೂ ಆಗಲೇ ಗೊತ್ತಾಗುವುದು. ನಾನು ಅದನ್ನೇ ಹಿಡಿದೆ.

ದೂರದರ್ಶನದಲ್ಲಿ ಬಂದ ದಿನ ನೋಡಿದವರಿಗೆ ದೃಶ್ಯವನ್ನು ಹಿಂದಕ್ಕೆ ತಿರುಗಿಸುವ ದಾರಿ ಇರಲಿಲ್ಲ. ಪುಸ್ತಕ ಹಿಡಿದವರಿಗೆ ಇದೆ. ಹಾಗಾಗಿ ಗುಟ್ಟನ್ನು ಬಚ್ಚಿಡದೆ ಎದುರಿಗೇ ಇಟ್ಟೆ. ಮದುವೆಮನೆಗೆ ಎರಡು ಪುಟ ಪೂರ್ತಿ ಕೊಟ್ಟೆ: ಚಪ್ಪರ, ವಾಲಗದವರು, ಓಡಾಡುವ ಮಕ್ಕಳು, ಎಲೆ ಹಾಕುವವರು. ಆ ಗದ್ದಲದ ಮೂಲೆಯಲ್ಲಿ ಕಂಬಕ್ಕೆ ಆತು ನಿಂತ ತಾನಪ್ಪ, ಎಲ್ಲರ ಹಾಗೆ ನಗುತ್ತಿದ್ದಾನೆ. ಅವನ ಎಡಗೈ ಮಾತ್ರ ಚೀಲದ ಬಾಯಿಯನ್ನು ಒತ್ತಿ ಹಿಡಿದಿದೆ. ಅದಕ್ಕೆ ಮುಂಚಿನ ಎರಡು ಪುಟಗಳಲ್ಲೂ ಆ ಕೈ ಹಾಗೇ ಇದೆ. ಮೊದಲ ಓದಿಗೆ ಯಾರೂ ಗಮನಿಸುವುದಿಲ್ಲ. ಕಾಗದ ಕೈಗೆ ಕೊಡುವ ಚಿತ್ರವನ್ನು ಪುಟ ತಿರುವಿದ ಕೂಡಲೇ ಕಾಣುವ ಹಾಗೆ ಎಡಪುಟದ ತಲೆಗೆ ಇಟ್ಟೆ, ಅದರಲ್ಲಿ ಒಂದೂ ಮಾತಿಲ್ಲ. ಕರಡು ಓದಿದ ಅಕ್ಕನ ಮಗಳು ಅಲ್ಲಿ ತಡೆದು, ಬೆರಳು ಸಿಕ್ಕಿಸಿಕೊಂಡು, ಸರಸರ ಹಿಂದಕ್ಕೆ ಹೋಗಿ ಮದುವೆಯ ಪುಟ ತೆಗೆದಳು. “ಮಾಮಾ, ಅವತ್ತೇ ಇತ್ತು ಅವನ ಹತ್ರ!” ಎಂದಳು. ನನಗೆ ಬೇಕಾಗಿದ್ದ ಐದು ಸೆಕೆಂಡು ಅಲ್ಲಿ ಸಿಕ್ಕಿತು.

ಅಕ್ಷರದ ಕೆಲಸ ನಾನು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ, ಸಾಲಿಗೆ ಒಂದೇ ಎತ್ತರ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದರ ಒತ್ತು ಇನ್ನೊಂದರ ತಲೆಗೆ ತಾಗುತ್ತದೆ. ‘ಹೇಳಿಬಿಡಬಹುದಾಗಿತ್ತಲ್ಲ’ ಎಂಬಂಥ ಪದವನ್ನು ಮಾತು ಬರೆಯುವ ಸಣ್ಣ ಬಲೂನಿನಲ್ಲಿ ಎಲ್ಲಿ ಮುರಿಯುತ್ತೀರಿ? ಕೊನೆಗೆ ಕ್ರಮವನ್ನೇ ಬದಲಿಸಿದೆ. ಮೊದಲು ಮಾತು ಬರೆದೆ, ಅದರ ಸುತ್ತ ಬಲೂನು, ಉಳಿದ ಜಾಗದಲ್ಲಿ ಮನುಷ್ಯರು. ಸಂಭಾಷಣೆಯನ್ನು ಆಡುಮಾತಿಗೆ ಇಳಿಸಿದ ಮೇಲೆ ಪದಗಳೂ ಚಿಕ್ಕದಾದವು. ತಾನಪ್ಪ ರಾಮಾನುಜಂಗೆ ‘ಸ್ವಾಮಿ’ ಎನ್ನುತ್ತಾನೆ, ಅವರು ಅವನನ್ನು ‘ನೀನು’ ಎನ್ನುತ್ತಾರೆ. ಹಿಂದಿ ಸಂಭಾಷಣೆಯನ್ನು ಸಾಲುಸಾಲಾಗಿ ತಂದಿದ್ದರೆ ಈ ಬಳಕೆ ಬರುತ್ತಿರಲಿಲ್ಲ.

‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ನಲ್ಲಿ ಅಕ್ಷರವೇ ಪಾತ್ರವಾಯಿತು. ಮುನಿಗೆ ಆ ವಿದೇಶಿಯ ಭಾಷೆ ಬಾರದು, ವಿದೇಶಿಗೆ ಮುನಿಯದು ಬಾರದು. ಒಬ್ಬ ಮಣ್ಣಿನ ಕುದುರೆ ಕೊಂಡೆ ಎಂದುಕೊಂಡರೆ, ಇನ್ನೊಬ್ಬ ತನ್ನ ಆಡುಗಳನ್ನು ಮಾರಿದೆ ಎಂದುಕೊಳ್ಳುತ್ತಾನೆ. ಮೊದಲು ವಿದೇಶಿಯ ಬಲೂನುಗಳಲ್ಲಿ ಬರೀ ಗೀಚು ತುಂಬಿದೆ. ಮುನಿಯ ಕಣ್ಣಿಗೆ ಹಾಗೇ ಕಾಣಬೇಕಲ್ಲ ಎಂದು. ಅದು ಕಥೆಯನ್ನೇ ಕೊಂದಿತು. ಇಬ್ಬರ ಮಾತೂ ನಮಗೆ ಅರ್ಥವಾಗಬೇಕು, ಅವರಿಗೆ ಮಾತ್ರ ಆಗಬಾರದು. ಈಗ ಎರಡೂ ಕನ್ನಡವೇ. ಮುನಿಯದು ದುಂಡು ಕೈಬರಹ, ದುಂಡು ಬಲೂನು. ಇನ್ನೊಬ್ಬನದು ಅಚ್ಚಿನ ಅಕ್ಷರ, ಮೂಲೆಗಳಿರುವ ಬಲೂನು. ಹನ್ನೊಂದು ಪುಟಗಳಲ್ಲಿ ಆ ಎರಡು ಬಗೆಯ ಬಲೂನುಗಳು ಎಲ್ಲಿಯೂ ಒಂದಕ್ಕೊಂದು ತಾಗುವುದಿಲ್ಲ.

‘ಎ ಹೀರೋ’ದಲ್ಲಿ ಸ್ವಾಮಿ ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗುವ ರಾತ್ರಿಗೆ ಕಪ್ಪು ತುಂಬಿದ ಪುಟಗಳನ್ನು ಮಾಡಿದ್ದೆ. ಜೆರಾಕ್ಸಿನಲ್ಲಿ ಕಪ್ಪು ಒಂದೇ ಸಮ ಬರುವುದಿಲ್ಲ, ಕಲೆ ಕಲೆಯಾಗುತ್ತದೆ. ಕೊನೆಗೆ ಸಣ್ಣ ಗೆರೆಗಳನ್ನು ಒತ್ತಾಗಿ ಎಳೆದು ಕತ್ತಲೆ ಕಟ್ಟಿದೆ. ಅದೇ ಚೆನ್ನಾಗಿದೆ, ಕತ್ತಲು ಅಲುಗಾಡಿದ ಹಾಗಿರುತ್ತದೆ.

ಈ ಮೂರನ್ನೂ ನಾನು ಪ್ರಕಟಿಸಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ. ಎಂದರೆ 2061ರ ಕೊನೆಯವರೆಗೆ. ಸರಣಿಯ ಹಕ್ಕು ಬೇರೆಯೇ ಇದೆ. ಇದೇ ಕೆಲಸಕ್ಕೆ ಇಳಿಯುವವರು ಬ್ರಷ್ ಹಿಡಿಯುವ ಮೊದಲೇ ಈ ಎರಡನ್ನೂ ವಿಚಾರಿಸಿಕೊಳ್ಳಿ. ನಾನು ಕಲಿಯಲೆಂದು ಮಾಡಿದೆ, ಮನೆಯಲ್ಲಿ ಮೂರು ಪ್ರತಿಗಳಿವೆ.

ಈಗ ‘ಓಲ್ಡ್ ಮ್ಯಾನ್ ಆಫ್ ದಿ ಟೆಂಪಲ್’ ಹಿಡಿದಿದ್ದೇನೆ. ಡ್ರೈವರ್ ದಾಸನ ಬಾಯಿಂದ ಹಠಾತ್ತನೆ ಒಬ್ಬ ಮುದುಕ ಮಾತಾಡುತ್ತಾನೆ. ಮುಖ ಅದೇ, ದನಿ ಬೇರೆ. ಟಿ.ವಿ.ಗೆ ದನಿ ಇದೆ. ನನಗಿರುವುದು ಬಲೂನಿನ ಬಾಲ ಒಂದೇ. ಅದನ್ನು ಅವನ ಬಾಯಿಗೆ ತಾಗಿಸದೆ ತುಸು ಹಿಂದೆ, ಕತ್ತಿನ ಬಳಿ ನಿಲ್ಲಿಸಿ ನೋಡುತ್ತಿದ್ದೇನೆ.