ಮೊದಲು ಇಳಿತ, ಆಮೇಲೆ ಏರು: ಬ್ಲೂ ಮೌಂಟನ್ಸ್‌ನಲ್ಲಿ ಜಲಪಾತಕ್ಕೆ ನಡೆದು ಹೋಗುವುದು ಹೇಗೆ?

ನಮ್ಮ ಕಡೆ ಬೆಟ್ಟ ಅಂದರೆ ಹತ್ತುವುದು. ಕುಮಾರ ಪರ್ವತವಿರಲಿ, ಕೊಡಚಾದ್ರಿಯಿರಲಿ, ಬೆಳಿಗ್ಗೆ ಬುಡದಿಂದ ಶುರು ಮಾಡಿ, ಏದುಸಿರು ಬಿಡುತ್ತಾ ಮೇಲೆ ಹೋಗಿ, ಬುತ್ತಿ ಬಿಚ್ಚಿ ತಿಂದು, ಸಂಜೆಗೆ ಇಳಿದು ಬರುತ್ತೇವೆ. ಸಾಕಾಯಿತು ಅನ್ನಿಸಿದರೆ ಅರ್ಧಕ್ಕೇ ತಿರುಗಿದರಾಯಿತು, ಮುಂದೆಲ್ಲ ಇಳಿಜಾರು ತಾನೇ. ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್‌ನಲ್ಲಿ ಇದು ಪೂರ್ತಿ ಉಲ್ಟಾ. ರೈಲು, ರಸ್ತೆ, ಊರು ಎಲ್ಲ ಬೆಟ್ಟದ ನೆತ್ತಿಯ ಮೇಲೇ ಇವೆ. ನೀರು ಅಲ್ಲಿಂದ ಕಣಿವೆಗೆ ಧುಮುಕುತ್ತದೆ, ನೀವು ಅದರ ಹಿಂದೆ ಇಳಿಯುತ್ತೀರಿ. ಹತ್ತುವ ಕೆಲಸ ಬರುವುದು ಕಾಲು ಸೋತ ಮೇಲೆ.

ಇದು ಗೊತ್ತಿಲ್ಲದೆ ನಾವು ಮೊದಲ ಸಲ ಹೋದಾಗ, ಊರಿನಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಅಲ್ಲಿನ ಕಟೂಂಬ ಊರಿನ ‘ಜೈಂಟ್ ಸ್ಟೇರ್‌ವೇ’ ಇಳಿದುಬಿಟ್ಟೆವು. 800ಕ್ಕೂ ಜಾಸ್ತಿ ಮೆಟ್ಟಿಲು. ಇಳಿಯುವಾಗ ಅಪ್ಪನೇ ಎಲ್ಲರಿಗಿಂತ ಮುಂದೆ. ವಾಪಸ್ ಹತ್ತುವಾಗ ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕಬ್ಬಿಣದ ಕಂಬಿ ಹಿಡಿದು ನಿಂತರು, ಮಾತೇ ಆಡಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಗಿತ್ತು. ಸಿಡ್ನಿಯ ಪ್ಯಾರಮಟ್ಟ, ವೆಸ್ಟ್‌ಮೀಡ್ ಬಡಾವಣೆಗಳ ಕಡೆ ಇರುವ ಮಕ್ಕಳ ಮನೆಗೆ ಪ್ರತಿ ವರ್ಷ ಎಷ್ಟೋ ಅಪ್ಪ ಅಮ್ಮಂದಿರು ಬರುತ್ತಾರೆ, ಬಂದವರನ್ನು ಎಲ್ಲರೂ ಕರೆದೊಯ್ಯುವುದು ಇಲ್ಲಿಗೇ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ ಆರಿಸಿ, ಆಮೇಲೆ ದಿನ

ಟ್ರೆಕ್ಕಿಂಗ್ ಅನ್ನುವುದಕ್ಕಿಂತ ಅಲ್ಲಿ ‘ಬುಶ್‌ವಾಕ್’ ಅನ್ನುವುದೇ ಜಾಸ್ತಿ. ಪ್ರತಿ ಕಾಲುದಾರಿಗೂ 1ರಿಂದ 5ರವರೆಗೆ ಗ್ರೇಡ್ ಇರುತ್ತದೆ. 1 ಅಂದರೆ ಗಾಲಿಕುರ್ಚಿಯೂ ಹೋಗುವಷ್ಟು ಸಲೀಸು, 5 ಅಂದರೆ ಅನುಭವವಿದ್ದವರಿಗೆ ಮಾತ್ರ. ಬೋರ್ಡಿನಲ್ಲಿ ಬರೆದಿರುವ ದೂರ ಒಂದು ಕಡೆಯದಾ, ಹೋಗಿ ಬರುವುದಾ ಅಂತ ಸರಿಯಾಗಿ ಓದಿ. ದೂರಕ್ಕಿಂತ ಮೆಟ್ಟಿಲ ಲೆಕ್ಕ ಮುಖ್ಯ. ಮೂರು ಕಿಲೋಮೀಟರ್ ಮೆಟ್ಟಿಲು, ಹತ್ತು ಕಿಲೋಮೀಟರ್ ಸಮತಟ್ಟು ದಾರಿಗಿಂತ ಕಷ್ಟ.

ಮಂಡಿನೋವು ಇರುವವರಿದ್ದರೆ ಬ್ಲ್ಯಾಕ್‌ಹೀತ್‌ಗೆ ಹೋಗಿ. ಅಲ್ಲಿನ ರಾಷ್ಟ್ರೀಯ ಉದ್ಯಾನದ ಕೇಂದ್ರದಿಂದ ಗೋವೆಟ್ಸ್ ಲೀಪ್ ವ್ಯೂ ಪಾಯಿಂಟ್‌ವರೆಗೆ ಫೇರ್‌ಫ್ಯಾಕ್ಸ್ ಹೆರಿಟೇಜ್ ವಾಕ್ ಇದೆ. ಎರಡು ಕಿಲೋಮೀಟರ್‌ಗೂ ಕಡಿಮೆ, ಮಕ್ಕಳ ಗಾಡಿ ತಳ್ಳಿಕೊಂಡು ಹೋಗಬಹುದು. ಕೊನೆಗೆ ಎದುರಿಗೇ ಬ್ರೈಡಲ್ ವೇಲ್ ಜಲಪಾತ, ಸುಮಾರು 180 ಮೀಟರ್ ಎತ್ತರದಿಂದ ಬೀಳುವ ನೀರು. ಗೋವೆಟ್ ಎಂಬ ದರೋಡೆಕೋರ ಇಲ್ಲಿಂದ ಕುದುರೆ ಸಮೇತ ಹಾರಿದ ಅಂತ ಕಥೆ ಕಟ್ಟಿ ಹೇಳುವವರಿದ್ದಾರೆ, ನಂಬಬೇಡಿ. ಗೋವೆಟ್ ಒಬ್ಬ ಭೂಮಾಪಕ, 1831ರಲ್ಲಿ ಇಲ್ಲಿಗೆ ಬಂದಿದ್ದ. ‘ಲೀಪ್’ ಅಂದರೆ ಹಳೆಯ ಆಡುಮಾತಿನಲ್ಲಿ ಜಲಪಾತ, ಅಷ್ಟೇ.

ನಡೆಯುವ ಶಕ್ತಿ ಸಾಧಾರಣವಾಗಿದ್ದು ಒಂದೇ ದಿನವಿದ್ದರೆ ನಾನು ಹೇಳುವುದು ವೆಂಟ್‌ವರ್ತ್ ಫಾಲ್ಸ್. ಕಟೂಂಬದ ‘ತ್ರೀ ಸಿಸ್ಟರ್ಸ್’ ಬಂಡೆಗಳನ್ನು ಅದೇ ದಿನ ಮಧ್ಯಾಹ್ನ ನೋಡಬಹುದು, ಅದಕ್ಕೆ ಅರ್ಧ ಗಂಟೆ ಸಾಕು.

ರೈಲು ಹಿಡಿಯಿರಿ

ಕಾರಿಗಿಂತ ರೈಲೇ ವಾಸಿ. ಸಿಡ್ನಿ ಸೆಂಟ್ರಲ್‌ನಿಂದ ಕಟೂಂಬಕ್ಕೆ ಸುಮಾರು ಎರಡು ಗಂಟೆ. ಪ್ಯಾರಮಟ್ಟದಲ್ಲೂ ಹತ್ತಬಹುದು. ರೈಲು, ಬಸ್ಸಿಗೆ ಬಳಸುವ ಓಪಲ್ ಕಾರ್ಡಿದ್ದರೆ ಶುಕ್ರವಾರದಿಂದ ಭಾನುವಾರದವರೆಗೆ ದಿನದ ಖರ್ಚಿನ ಮಿತಿ ಕಡಿಮೆ. ಆದರೆ ವಾರಾಂತ್ಯದಲ್ಲಿ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ ಬಿಡುವುದೂ ಉಂಟು. ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಜೊತೆಗೆ ರಾಷ್ಟ್ರೀಯ ಉದ್ಯಾನಗಳ ವೆಬ್‌ಸೈಟ್‌ನಲ್ಲಿ ನಿಮ್ಮ ದಾರಿ ತೆರೆದಿದೆಯಾ ಅಂತ ನೋಡಿ. ಬಂಡೆ ಕುಸಿದು, ಮಳೆ ಬಂದು, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ. ಮುಚ್ಚಿದ್ದರೆ ಹಗ್ಗ ದಾಟಿ ಹೋಗಲೇಬೇಡಿ.

ಚೀಲದಲ್ಲಿ ಏನಿರಬೇಕು

ಒಬ್ಬೊಬ್ಬರಿಗೂ ಎರಡು ಲೀಟರ್ ನೀರು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ, ಅದು ಊರುಗಳ ಮಧ್ಯದಿಂದ ಹರಿದು ಬಂದದ್ದು. ಕಟೂಂಬ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಪ್ಯಾರಮಟ್ಟದಲ್ಲಿ ಬೆವರುತ್ತಿದ್ದರೂ ಇಲ್ಲಿ ಗಾಳಿ ಕೊರೆಯುತ್ತದೆ, ಆದ್ದರಿಂದ ಜಾಕೆಟ್ ಬೇಕೇ ಬೇಕು. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಚಪಾತಿ ಪಲ್ಯ, ಚಿತ್ರಾನ್ನ ಏನಾದರೂ ಕಟ್ಟಿಕೊಳ್ಳಿ. ಬಿಳಿ ಕಾಕಟೂ ಗಿಳಿಗಳು ಹತ್ತಿರ ಬಂದರೆ ತುತ್ತು ಹಾಕಬೇಡಿ. ಮಳೆ ಬಂದ ಮಾರನೇ ದಿನ ಜಿಗಣೆ ಇರುತ್ತವೆ, ಮಲೆನಾಡಿನವರಿಗೆ ಉಂಬಳ ಹೊಸದಲ್ಲ, ಚೂರು ಉಪ್ಪು ಇಟ್ಟುಕೊಂಡರೆ ಆಯಿತು.

ಈಗ ನಡೆಯೋಣ

ವೆಂಟ್‌ವರ್ತ್ ಫಾಲ್ಸ್ ಸ್ಟೇಷನ್‌ನಲ್ಲಿ ಇಳಿದು ವಿಲ್ಸನ್ ಪಾರ್ಕ್‌ಗೆ ಬನ್ನಿ. ಅಲ್ಲಿಂದ ಜೇಮಿಸನ್ ತೊರೆಯ ಪಕ್ಕಪಕ್ಕವೇ ಚಾರ್ಲ್ಸ್ ಡಾರ್ವಿನ್ ವಾಕ್ ಶುರುವಾಗುತ್ತದೆ, ಎರಡೂವರೆ ಕಿಲೋಮೀಟರ್ ಆಸುಪಾಸು. 1836ರ ಜನವರಿಯಲ್ಲಿ, 26ರ ಹರೆಯದ ಡಾರ್ವಿನ್ ಇದೇ ತೊರೆಯ ಜಾಡು ಹಿಡಿದು ನಡೆದಿದ್ದ. ದಾರಿ ನಿಧಾನಕ್ಕೆ ಇಳಿಯುತ್ತದೆ, ಮರದ ಹಲಗೆಗಳ ಮೇಲೆ ನಡೆಯುತ್ತೀರಿ, ಸುತ್ತ ನೀಲಗಿರಿ ಮರಗಳು. ಹೌದು, ನಮ್ಮ ನೀಲಗಿರಿ ಮರದ ತವರು ಇದೇ ದೇಶ. ಊಟಿಯ ಬೆಟ್ಟದಲ್ಲಿ ನೆಟ್ಟಿದ್ದಕ್ಕೆ ನಾವು ಮರಕ್ಕೆ ಬೆಟ್ಟದ ಹೆಸರು ಕೊಟ್ಟೆವು. ಇಲ್ಲಿ ಬೆಟ್ಟಕ್ಕೇ ಆ ಅರ್ಥದ ಹೆಸರು. ಈ ಮರಗಳ ಎಣ್ಣೆ ಗಾಳಿಯಲ್ಲಿ ಸೇರಿ ದೂರದ ಕಣಿವೆಯೆಲ್ಲ ನೀಲಿಯಾಗಿ ಕಾಣುತ್ತದೆ ಅನ್ನುತ್ತಾರೆ. ಒಂದು ಎಲೆ ಬಿದ್ದಿದ್ದರೆ ಎತ್ತಿ ಉಜ್ಜಿ ನೋಡಿ, ನೆಗಡಿಯಾದಾಗ ಅಮ್ಮ ಕರ್ಚೀಫಿಗೆ ಹಾಕಿ ಕೊಡುತ್ತಿದ್ದ ಅದೇ ವಾಸನೆ.

ತೊರೆ ಸಣ್ಣದು. ಇದೇನಾ ಅಂತ ಬೇಸರವಾಗಬಹುದು. ಮುಂದೆ ಹೋಗಿ, ಫ್ಲೆಚರ್ಸ್ ವ್ಯೂ ಪಾಯಿಂಟ್‌ನಲ್ಲಿ ಕಂಬಿ ಹಿಡಿದು ನಿಂತಾಗ ನೆಲ ಒಮ್ಮೆಲೇ ಮುಗಿಯುತ್ತದೆ. ಅದೇ ಸಣ್ಣ ತೊರೆ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 187 ಮೀಟರ್ ಕೆಳಗೆ ಬೀಳುತ್ತದೆ. ಗಾಳಿ ಜೋರಿದ್ದರೆ ನೀರು ಕೆಳಗೆ ಮುಟ್ಟುವುದೇ ಇಲ್ಲ, ಅರ್ಧದಲ್ಲೇ ಚದುರಿ ಮೇಲಕ್ಕೆ ಹಾರಿ ನಿಮ್ಮ ಮುಖಕ್ಕೆ ತುಂತುರು ಹೊಡೆಯುತ್ತದೆ.

ಮೇಲಿನ ಗಟ್ಟಿ ಮರಳುಗಲ್ಲಿನ ಕೆಳಗೆ ಮೆತ್ತಗಿನ ಜೇಡಿಗಲ್ಲಿನ ಪದರವಿದೆ. ಮಳೆನೀರು ಮರಳುಗಲ್ಲಿನಲ್ಲಿ ಇಂಗಿ ಜೇಡಿಗಲ್ಲಿಗೆ ಬಂದು ತಡೆದು ಬಂಡೆಯ ಮುಖದಿಂದ ಜಿನುಗುತ್ತದೆ. ಅದಕ್ಕೇ ಮಳೆಯಿಲ್ಲದ ದಿನವೂ ಬಂಡೆ ಒದ್ದೆ. ಆ ಒದ್ದೆ ಗೋಡೆಯನ್ನು ಹತ್ತಿರದಿಂದ ನೋಡಿ: ಜರಿಗಿಡಗಳ ನಡುವೆ, ಕವಲೊಡೆದ ಎಳೆಗಳ ತುದಿಯಲ್ಲಿ ಕೆಂಪು ಅಂಟು ಹನಿಗಳಿರುವ ಗಿಡ ಕಾಣುತ್ತದೆ. ಸಣ್ಣ ನೊಣ ಹಿಡಿದು ತಿನ್ನುವ ಗಿಡ ಅದು. ಇಲ್ಲಿನ ಜಲಪಾತಗಳ ತುಂತುರು ಸದಾ ಬೀಳುವ ಬಂಡೆಗಳಲ್ಲಿ ಮಾತ್ರ ಬದುಕುವ ಕುಳ್ಳ ಪೈನ್ ಗಿಡವೂ ಇದೆ. ವೆಂಟ್‌ವರ್ತ್ ಫಾಲ್ಸ್‌ನಿಂದ ಕಟೂಂಬದ ತನಕ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಯವಿಟ್ಟು ಫೋಟೋಗೋಸ್ಕರ ಕಂಬಿ ದಾಟಿ ಅವುಗಳ ಮೇಲೆ ಕಾಲಿಡಬೇಡಿ.

ಇಲ್ಲಿಂದ ಮುಂದೆ ಎರಡು ಆಯ್ಕೆ. ‘ನ್ಯಾಷನಲ್ ಪಾಸ್’ ಎಂಬ ಕಾಲುದಾರಿ ತೆರೆದಿದ್ದರೆ, ಕಡಿದಾದ ಮೆಟ್ಟಿಲಿಳಿದು, ಬಂಡೆಯ ನಡುಮಧ್ಯದ ಅಂಚಿನಲ್ಲೇ ಸಾಗಿ, ವ್ಯಾಲಿ ಆಫ್ ದ ವಾಟರ್ಸ್ ಕಡೆಯಿಂದ ಹತ್ತಿ, ಮೇಲಿರುವ ಕನ್ಸರ್ವೇಶನ್ ಹಟ್ ಎಂಬ ಕಟ್ಟಡಕ್ಕೆ ಬರಬಹುದು. ನೂರು ವರ್ಷಕ್ಕೂ ಹಿಂದೆ ಕಡಿದ ದಾರಿ ಅದು, ನಾನು ನಡೆದ ದಾರಿಗಳಲ್ಲೆಲ್ಲ ಅದೇ ಚೆಂದ. ಆದರೆ ಕೊನೆಯದು ಪೂರ್ತಿ ಏರು, ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಿ. ಹಿರಿಯರಿದ್ದರೆ ಮೇಲಿನ ಅಂಡರ್‌ಕ್ಲಿಫ್, ಓವರ್‌ಕ್ಲಿಫ್ ದಾರಿ ಸಾಕು. ಅದೂ ಅದೇ ಹಟ್ ಕಡೆಗೇ ತಲುಪುತ್ತದೆ.

ತಿರುಗುವ ಹೊತ್ತು

ಇಳಿಯುವಾಗಲೇ ಗಡಿಯಾರ ನೋಡಿಕೊಳ್ಳಿ. ಒಂದು ಗಂಟೆ ಮೆಟ್ಟಿಲಿಳಿದರೆ ಹತ್ತಲು ಎರಡು ಗಂಟೆ ಅಂತ ಲೆಕ್ಕ ಹಾಕಿ. ನಮ್ಮ ಮನೆಯಲ್ಲಿ ಈಗ ಇದೇ ನಿಯಮ. ಜೂನ್, ಜುಲೈಯಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯೊಳಗೆ ಅದಕ್ಕೂ ಮೊದಲೇ ಕತ್ತಲು. ಕಟೂಂಬದಲ್ಲಿ ಕೆಳಗಿನಿಂದ ಸೀನಿಕ್ ರೈಲ್ವೆ ಎಂಬ ಕಡಿದಾದ ಪ್ರವಾಸಿ ರೈಲಿನಲ್ಲಿ ಮೇಲೆ ಬರುವ ಯೋಚನೆಯಿದ್ದರೆ, ಅವತ್ತು ಓಡುತ್ತದಾ, ಕೊನೆಯ ಸವಾರಿ ಎಷ್ಟೊತ್ತಿಗೆ ಅಂತ ಇಳಿಯುವ ಮುಂಚೆಯೇ ಕೇಳಿ.

ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿರುವವರಿಗೆ ಹೇಳಿ ಹೋಗಿ. ದೂರದ ದಾರಿಗೆ ಹೋಗುವವರಿಗೆ ಉಪಗ್ರಹದ ಮೂಲಕ ಸಹಾಯ ಕರೆಯುವ ಬೀಕನ್ ಅನ್ನು ಬ್ಲ್ಯಾಕ್‌ಹೀತ್‌ನ ಉದ್ಯಾನ ಕೇಂದ್ರದಲ್ಲಿ ಬಾಡಿಗೆಯಿಲ್ಲದೆ ಕೊಡುತ್ತಾರೆ. ತುರ್ತಿಗೆ 000. ಹಾವು ಕಂಡರೆ ನಿಂತುಬಿಡಿ, ಅದೇ ಹೋಗುತ್ತದೆ.

ಅಪ್ಪ ಮುಂದಿನ ವರ್ಷ ಮತ್ತೆ ಬಂದರು. ಈ ಸಲ ಫೇರ್‌ಫ್ಯಾಕ್ಸ್ ದಾರಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಆರಾಮಾಗಿ ನಡೆದು, ಗೋವೆಟ್ಸ್ ಲೀಪ್‌ನ ಬೆಂಚಿನ ಮೇಲೆ ಕೂತು, ಮಂಜು ಸರಿದು ಜಲಪಾತ ಪೂರ್ತಿ ಕಾಣುವ ತನಕ ಮುಕ್ಕಾಲು ಗಂಟೆ ಕಾದರು. ಫ್ಲಾಸ್ಕಿನ ಕಾಫಿ ಎರಡು ಸಲ ಕೇಳಿ ಹಾಕಿಸಿಕೊಂಡರು.